ಅಪ್ಪನ ಗಿಟಾರಿನ ಪಿಕಪ್ ಇಳಿಸಿದ್ದು

ರಾಯಚೂರಿನ ಕೋಟೆಗೋಡೆಯ ಬುಡದಲ್ಲಿದ್ದ ನಮ್ಮ ಎರಡು ಕೋಣೆಯ ಮನೆಗೆ ಕರೆಂಟು ಬಂದಿತ್ತು, ಆದರೆ ಬಲ್ಬು ಇದ್ದದ್ದು ಒಂದೇ. ಅಪ್ಪ ಗಿಟಾರು ಹಿಡಿದು ಕೂರುವಾಗ ಆ ಬಲ್ಬು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟು, ಅದೇ ಹೋಲ್ಡರಿಗೆ ಆಂಪ್ಲಿಫೈಯರಿನ ವೈರು ಸಿಕ್ಕಿಸುತ್ತಿದ್ದ. ಹಾಗಾಗಿ ನಮ್ಮಲ್ಲಿ ಬೆಳಕಿದ್ದರೆ ಗಿಟಾರಿಲ್ಲ, ಗಿಟಾರಿದ್ದರೆ ಬೆಳಕಿಲ್ಲ. ಸಂಜೆ ಹತ್ತಿ ಮಿಲ್ಲಿನ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ಅಪ್ಪ ಬರುತ್ತಿದ್ದ. ತಲೆಗೂದಲಿಗೆ ಅಂಟಿದ ಹತ್ತಿಯ ಎಳೆ ಕೊಡವಿ, ಮುಖ ತೊಳೆದುಕೊಂಡ ಕೂಡಲೇ ಕೋಣೆ ಕತ್ತಲಾಗುತ್ತಿತ್ತು. ಅವ್ವ ಒಲೆಯ ಬೆಂಕಿಯ ಬೆಳಕಿನಲ್ಲೇ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಂಗೈಯ ಸಪ್ಪಳ ಒಂದು ಕಡೆ, ಅಪ್ಪನ ತಂತಿಯ ಸಪ್ಪಳ ಇನ್ನೊಂದು ಕಡೆ. ನಡುವೆ ಪರ್ಸಿ ಕಲ್ಲಿನ ನೆಲದ ಮೇಲೆ ಬೆನ್ನು ತಣ್ಣಗೆ ಮಾಡಿಕೊಂಡು ನಾನು.

“ಹಾಡು ಮುಗದಿದ್ರ ಬೆಳಕು ಹಾಕ್ರಿ. ರೊಟ್ಟಿ ಬೆಂದದ್ದು ಕಾಣವಲ್ದು, ಸುಟ್ಟದ್ದು ಕಾಣವಲ್ದು.”

“ಮೂಗಿಲೆ ನೋಡು,” ಎನ್ನುತ್ತಿದ್ದ ಅಪ್ಪ, ತಂತಿಯಿಂದ ಕಣ್ಣೆತ್ತದೆ.

ನಾನು ಬದುಕಿನ ಬಹುಪಾಲನ್ನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಕಳೆದವಳು. ಆದರೆ ಇವತ್ತಿಗೂ ನನ್ನ ಬಾಗಿಲಿಗೆ ಹೆಚ್ಚಾಗಿ ಬರುವವರು ಹಳೆಯ ಎಲೆಕ್ಟ್ರಿಕ್ ಗಿಟಾರು ಹೆಗಲಿಗೆ ಹಾಕಿಕೊಂಡ ಹುಡುಗರು. ತಂತಿಯ ಕೆಳಗಿರುವ ಪಿಕಪ್ಪನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದು ನನಗೆ ಗೊತ್ತು. ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇನೆ. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಮನೆಯಲ್ಲಿ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ. ತಮಾಷೆಯಲ್ಲ. ನನಗೆ ಹನ್ನೊಂದು ವರ್ಷ ನಡೆಯುವಾಗ, ಒಂದು ಬೇಸಿಗೆಯ ಕೆಲವೇ ವಾರಗಳಲ್ಲಿ ಅದನ್ನು ಕಲಿತೆ. ಆ ವಾರಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಿಟಾರು ಬಂದದ್ದು ಗುಂತಕಲ್ಲಿನಿಂದ. ಅಲ್ಲಿನ ಒಬ್ಬ ರೈಲ್ವೆ ಗಾರ್ಡು ಸಂಸಾರ ಸಮೇತ ದೂರದ ದೇಶಕ್ಕೆ ಹೊರಟಿದ್ದ, ಮನೆಯ ಸಾಮಾನು ಕೈಬಿಡುತ್ತಿದ್ದ. ಆ ಸುದ್ದಿ ತಂದವರು ಖಲೀಲ್ ಚಾಚಾ. ತೀನ್ ಕಂದೀಲ್ ಚೌಕದ ಹತ್ತಿರ ಅವರದೊಂದು ರೇಡಿಯೋ ರಿಪೇರಿ ಅಂಗಡಿ. ಅಪ್ಪನಿಗೆ ಇದ್ದ ಒಬ್ಬನೇ ಗೆಳೆಯ ಎಂದರೆ ಅವರೇ. ಅಪ್ಪ, ಹೆಸರು ಯಲ್ಲಪ್ಪ, ಮಿಲ್ಲಿನಲ್ಲಿ ಫಿಟ್ಟರು. ಓಡಾಡಲು ಒಂದು ಸೈಕಲ್ ಇತ್ತು. ಆ ಸೈಕಲ್ಲನ್ನು ರೈಲಿನಲ್ಲಿ ಹಾಕಿಕೊಂಡು ಗುಂತಕಲ್ಲಿಗೆ ಹೋದವನು ಸಂಜೆ ಹೊತ್ತಿಗೆ ಹೊದಿಕೆಯಲ್ಲಿ ಸುತ್ತಿದ ಉದ್ದನೆಯದೊಂದನ್ನು ಎದೆಗವಚಿಕೊಂಡು ಬಂದ. ಕೆಂಪು ಬಣ್ಣದ ಗಿಟಾರು. ಆಗಲೇ ಅದು ಹಳೆಯದು. ಅಂಚಿನಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು, ಮುಂಭಾಗದ ಬಿಳಿ ಪ್ಲಾಸ್ಟಿಕ್ ತಗಡು ಎಲೆ ಅಡಿಕೆ ತಿನ್ನುವವರ ಹಲ್ಲಿನಂತೆ ಹಳದಿಯಾಗಿತ್ತು. ಅವ್ವ ಬಾಗಿಲಲ್ಲಿ ನಿಂತು ಅವನ ಹಿಂದೆ ನೋಡಿದಳು.

“ಸೈಕಲ್ ಎಲ್ಲದ್ರಿ?”

“ಇದ ಸೈಕಲ್ಲು.”

“ಹಂಗಾರ ನಾಳೆ ಇದರ ಮ್ಯಾಲೇ ಕುಂತು ಮಿಲ್ಲಿಗೆ ಹೋಗ್ರಿ.”

ಅಪ್ಪ ನಡೆದುಕೊಂಡೇ ಹೋದ. ಅವ್ವ ಎಂಟು ದಿನ ಅವನ ಜೊತೆ ಮಾತಾಡಲಿಲ್ಲ, ಆದರೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹೊತ್ತಿಗೆ ಸರಿಯಾಗಿ ಮುಂದೆ ಬಂದು ಬೀಳುತ್ತಿದ್ದವು. ಖಲೀಲ್ ಚಾಚಾ ಮರದ ಡಬ್ಬಿಯೊಂದರಲ್ಲಿ ಆಂಪ್ಲಿಫೈಯರು ಕೂಡಿಸಿಕೊಟ್ಟರು. ತಂತಿಗಳ ಕೆಳಗೆ ಕಾಣುತ್ತಿದ್ದ ಎರಡು ಕರಿ ಪಟ್ಟಿಗಳನ್ನು ತೋರಿಸಿ ನನಗೆ ಹೇಳಿದರು.

“ಇದು ಗಿಟಾರಿನ ಕಿವಿ, ಬೇಟಿ. ಪಿಕಪ್ ಅಂತಾರ. ತಂತಿ ಅಲುಗಿದ್ದನ್ನ ಇದು ಕೇಳ್ತದ, ವೈರಿಗೆ ಹೇಳ್ತದ. ಒಳಗ ಅಯಸ್ಕಾಂತ ಅದ, ಅದರ ಸುತ್ತ ಕೂದಲಕಿಂತ ಸಣ್ಣ ತಾಮ್ರದ ತಂತಿ ಸುತ್ಯಾರ. ನಕ್ಕೋ, ಮುಟ್ಟಬ್ಯಾಡ.”

ಅವರು ಆ ಕಡೆ ತಿರುಗಿದ ಕೂಡಲೇ ನಾನು ಅವ್ವನ ಪಿನ್ನು ತಂದು ಹಿಡಿದೆ. ಟಕ್ ಎಂದು ಅಂಟಿಕೊಂಡಿತು.

ಎರಡು ವರ್ಷದಲ್ಲಿ ಅಪ್ಪ ಊರಿನ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಸೇರಿದ. ಪಾರ್ಟಿಯ ಮುಖ್ಯಸ್ಥರು ಗುಂಡೇರಾವ್ ಮಾಸ್ತರು. ಅಕಾರ್ಡಿಯನ್ ನುಡಿಸುತ್ತಿದ್ದರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮದುವೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಪಾರ್ಟಿ ನುಡಿಸುತ್ತಿತ್ತು. ಎಲ್ಲರ ಹಿಂದೆ, ಡ್ರಮ್ಮಿನವನ ಪಕ್ಕದಲ್ಲಿ ಅಪ್ಪನ ಜಾಗ. ಅಕಾರ್ಡಿಯನ್ನು, ಕಾಂಗೋ, ಡ್ರಮ್ಮು ಎಲ್ಲ ಕೂಡಿದಾಗ ಅವನ ಗಿಟಾರು ಕೇಳುತ್ತಿರಲಿಲ್ಲ. ಕಾರ್ಯಕ್ರಮ ಮುಗಿಸಿ ಬಂದ ಮರುದಿನ ಊಟಕ್ಕೆ ಕೂತಾಗ ನನ್ನನ್ನೇ ಕೇಳುತ್ತಿದ್ದ. “ಕೇಳ್ತೇನಬೇ ನಂದು?” ನಾನು ಕೇಳಿತು ಎನ್ನುತ್ತಿದ್ದೆ. ಸುಳ್ಳು ಅವನಿಗೂ ಗೊತ್ತಾಗುತ್ತಿತ್ತು.

ಅಪ್ಪನಿಗೆ ಗಿಟಾರಿನ ಮೇಲೆ ಯಾಕಷ್ಟು ಜೀವ ಎಂದು ನನಗೆ ತಿಳಿದದ್ದು ಮುತ್ಯಾ ಮನೆಗೆ ಬಂದ ಮೇಲೆ. ಮುತ್ಯಾ ಎಂದರೆ ಅಪ್ಪನ ಅಪ್ಪ, ದುರಗಪ್ಪ. ಅರಕೇರಾದಲ್ಲಿ ಒಬ್ಬನೇ ಇದ್ದ. ಮೊಣಕಾಲು ಕೈಕೊಟ್ಟ ಮೇಲೆ ಅವ್ವನೇ ಹೋಗಿ ಕರೆದುಕೊಂಡು ಬಂದಳು. ಬರುವಾಗ ಅವನ ಕಂಕುಳಲ್ಲಿ ಕಂಬಳಿ ಸುತ್ತಿದ ಹಲಗೆ ಇತ್ತು, ಜೀವಮಾನವಿಡೀ ಅವನು ಬಾರಿಸಿದ ಚರ್ಮದ ವಾದ್ಯ. ಅಪ್ಪ ಅದನ್ನು ನೋಡಿ ಒಂದೇ ಮಾತು ಆಡಿದ. “ಅದು ಒಳಗ ಬರಬಾರ್ದು.” ಅವ್ವ ಹಿತ್ತಲಿನ ಕಟ್ಟಿಗೆಯ ಗುಡಿಸಲಲ್ಲಿ ಅದಕ್ಕೊಂದು ಗೂಟ ಬಡಿದಳು. ಮುತ್ಯಾ ಕೂಡ ಒಳಗೆ ಬರಲಿಲ್ಲ. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಹಾಸಿಕೊಂಡ.

ಅವ್ವ ಒಮ್ಮೆ ಜೋಳ ಹಸನು ಮಾಡುತ್ತ ನನಗೆ ಹೇಳಿದಳು. ಅಪ್ಪನ ಅವ್ವ ತೀರಿಕೊಂಡ ದಿನವೇ ಅರಕೇರಾದ ದೊಡ್ಡ ಮನೆಯಲ್ಲಿ ಮದುವೆಯ ಮೆರವಣಿಗೆ ಇತ್ತಂತೆ. ಹಲಗೆಗೆ ಕರೆ ಬಂತು. ಮುತ್ಯಾ ಹೆಂಡತಿಯ ಹೆಣವನ್ನು ಅಂಗಳದಲ್ಲಿ ಬಿಟ್ಟು ಹೋಗಿ, ಮೆರವಣಿಗೆ ಮುಗಿಯುವವರೆಗೆ ಬಾರಿಸಿ ಬಂದ. ಆಮೇಲೆ ಮಣ್ಣು ಮಾಡಿದರು. ಹೋಗದಿದ್ದರೆ ಏನಾಗುತ್ತಿತ್ತು ಎಂಬುದು ಮುತ್ಯಾನಿಗೆ ಗೊತ್ತಿತ್ತು. ಅವನು ಹೋದ ಎಂಬುದಷ್ಟೇ ಅಪ್ಪನಿಗೆ ಗೊತ್ತಿತ್ತು. ಅಪ್ಪನಿಗೆ ಆಗ ಹದಿನಾರು. ಮರುವಾರ ರಾಯಚೂರಿಗೆ ಬಂದವನು ಮತ್ತೆ ತಂದೆಯ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಒಂದೇ ಸೂರಿನ ಕೆಳಗೆ ಬಂದ ಮೇಲೂ ಅವರಿಬ್ಬರ ಮಾತು ಅವ್ವನ ಬಾಯಿಂದಲೇ ಆಗಬೇಕಿತ್ತು. “ನಿಮ್ಮ ಮಾವಗ ಚಾ ಬೇಕೇನ ಕೇಳು,” ಎನ್ನುತ್ತಿದ್ದ ಅಪ್ಪ; “ಅವಂಗ ಹೇಳು, ಬ್ಯಾಡಂತ,” ಎನ್ನುತ್ತಿದ್ದ ಮುತ್ಯಾ.

ಆ ಬೇಸಿಗೆ ಮಾನ್ವಿಯಲ್ಲಿ ಒಂದು ಮದುವೆ ಬಂತು. ಹುಡುಗಿ ಅವ್ವನ ತವರೂರು ಬಾಗಲವಾಡದವಳು, ಅವ್ವನಿಗೆ ಚಿಕ್ಕಪ್ಪನ ಮಗಳಾಗಬೇಕು. ಆ ಮನೆಯಲ್ಲಿ ಇಬ್ಬರು ಶಾಲೆಯ ಮಾಸ್ತರಾಗಿದ್ದರು, ಒಬ್ಬ ಕಚೇರಿಯಲ್ಲಿದ್ದ. ಅಂಥವರ ಮುಂದೆ ಗುಂಡೇರಾವ್ ಮಾಸ್ತರ ಪಾರ್ಟಿ, ಅದರಲ್ಲಿ ಅಪ್ಪ. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. ಮದುವೆಯ ಹಿಂದಿನ ದಿನ ಅಪ್ಪ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಗಿಟಾರಿನ ಜೊತೆ ಏನೋ ಮಾಡುತ್ತಿದ್ದ. ಆಮೇಲೆ ನುಡಿಸಿದಾಗ ದನಿ ಎಂದಿಗಿಂತ ದೊಡ್ಡದಾಗಿತ್ತು. ಗೂಡಿನಲ್ಲಿದ್ದ ಬಲ್ಬು ಗುಯ್ ಎಂದು ನಡುಗುವಷ್ಟು.

ಮಾನ್ವಿಯ ಆ ಮಧ್ಯಾಹ್ನ ನಾನು ವೇದಿಕೆಯ ಬುಡದಲ್ಲೇ ಕೂತಿದ್ದೆ. ಮೊದಲ ಹಾಡಿಗೆ ಅಪ್ಪನ ಗಿಟಾರು ಎಲ್ಲರಿಗೂ ಕೇಳಿಸಿತು, ಅದು ನಿಜ. ಆದರೆ ಸ್ವರ ಅಲುಗುತ್ತಿತ್ತು. ದಪ್ಪ ತಂತಿ ಮೀಟಿದರೆ ಸ್ವರ ಒಡೆದು ಊಂ-ಊಂ-ಊಂ ಎಂದು ತೂಗುತ್ತಿತ್ತು. ಅವನ ಬೆರಳು ಗಿಟಾರಿನ ಹೊಟ್ಟೆಯ ಹತ್ತಿರ ಬಂದಷ್ಟೂ ಶ್ರುತಿ ತಪ್ಪುತ್ತಿತ್ತು. ಹಾಡುತ್ತಿದ್ದ ಹುಡುಗಿ ಎರಡು ಸಲ ತಿರುಗಿ ನೋಡಿದಳು. ಅಪ್ಪ ಬಗ್ಗಿ ಶ್ರುತಿಯ ಬಿರಡೆ ತಿರುವಿದ, ಮತ್ತೆ ನುಡಿಸಿದ, ಅದೇ ಕತೆ. ಎರಡನೆಯ ಹಾಡು ಮುಗಿಯುತ್ತಿದ್ದಂತೆ ಮಾಸ್ತರು ಅಕಾರ್ಡಿಯನ್ ಬಿಡದೆಯೇ ಹಿಂದೆ ಬಂದು ಆಂಪ್ಲಿಫೈಯರಿನ ಗುಂಡಿ ತಟ್ಟಿ ಆರಿಸಿದರು.

“ಹಲಗಿ ಬಾರಸೋ ಕೈ. ಗಿಟಾರು ಹ್ಯಾಂಗ ಒಲಿಬೇಕು ಇದಕ್ಕ?”

ಮೆಲ್ಲಗೆ ಹೇಳಿದರು. ಆದರೆ ನನಗೆ ಕೇಳಿಸಿತು, ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನಿಗೂ ಕೇಳಿಸಿತು. ಉಳಿದ ಹಾಡುಗಳಿಗೆಲ್ಲ ಅಪ್ಪ ದನಿಯಿಲ್ಲದ ಗಿಟಾರಿನ ಮೇಲೆ ಬೆರಳಾಡಿಸುತ್ತ ನಿಂತಿದ್ದ. ಯಾರಿಗೂ ಗೊತ್ತಾಗಬಾರದೆಂದು ತಲೆಯನ್ನೂ ತಾಳಕ್ಕೆ ತೂಗುತ್ತಿದ್ದ. ನಾನು ಅವನ ಮುಖ ನೋಡಲಾರದೆ ಬೂಟು ನೋಡುತ್ತ ಕೂತೆ.

ಮನೆಗೆ ಬಂದವನು ಗಿಟಾರನ್ನು ಗೋಡೆಯ ಮೊಳೆಗೆ ಹಾಕಿದ. ಅಂದಿನಿಂದ ಸಂಜೆಯಾದರೆ ಬಲ್ಬು ಉರಿಯುತ್ತಿತ್ತು. ನಾವು ಬೆಳಕಿನಲ್ಲಿ ಉಣ್ಣುತ್ತಿದ್ದೆವು. ಮೂರು ಅಮಾವಾಸ್ಯೆಗೊಮ್ಮೆ ನಡೆಯುತ್ತಿದ್ದ ಗಂಡ ಹೆಂಡಿರ ಜಗಳ ಕೂಡ ನಿಂತುಹೋಯಿತು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು.

“ಈ ಬಲ್ಬು ಕಣ್ಣು ಕುಕ್ಕಾಕತ್ತದ. ಬಿಚ್ಚಿ ಒಂದೀಟು ಬಾರಸ್ರಿ.”

“ನನ್ನ ಕೈಯಾಗ ಇಲ್ಲ ಅದು,” ಎಂದ ಅಪ್ಪ. “ಮಾಸ್ತರು ಹೇಳಿದ್ದು ಖರೇ ಅದ.”

ಅವ್ವ ಅಷ್ಟು ಸಿಟ್ಟಾದದ್ದನ್ನು ನಾನು ಸೈಕಲ್ ಹೋದ ದಿನವೂ ನೋಡಿರಲಿಲ್ಲ. “ನನ್ನ ಮಂದಿ ಮುಂದ ನಿಮಗ ಅಂದಾನ. ಅದು ಖರೇ ಅಂತ ನೀವ ಅಂದ್ರ ನಾ ಎಲ್ಲಿ ಮುಖ ಇಡ್ಲಿ?” ಎಂದಳು. ಅಪ್ಪ ಎದ್ದು ಹೊರಗೆ ಹೋದ.

ಮರುದಿನ ಅಪ್ಪ ಮಿಲ್ಲಿಗೆ ಹೋದ, ಅವ್ವ ಕಾಳು ಹಸನು ಮಾಡುವ ಕೆಲಸಕ್ಕೆ ಹೋದಳು. ಶಾಲೆಗೆ ರಜೆ. ಕಟ್ಟೆಯ ಮೇಲೆ ಮುತ್ಯಾನಿಗೆ ಮಂಡಾಳ ಒಗ್ಗರಣಿ ಕೊಡಲು ಹೋದೆ. ಅವನು ತಟ್ಟೆ ತೆಗೆದುಕೊಳ್ಳದೆ ಕೇಳಿದ.

“ಸುಬ್ಬೀ, ನಿಮ್ಮಪ್ಪ ಯಾಕ ಬಾರಸವಲ್ಲ?”

ಮಾನ್ವಿಯಲ್ಲಿ ಆದದ್ದನ್ನು ಹೇಳಿದೆ. ಮಾಸ್ತರ ಮಾತನ್ನೂ ಮುಚ್ಚಿಡದೆ ಹೇಳಿದೆ. ಮುತ್ಯಾ ಸ್ವಲ್ಪ ಹೊತ್ತು ತನ್ನ ಕೈಗಳನ್ನೇ ತಿರುಗಿಸಿ ಮುರುಗಿಸಿ ನೋಡಿದ.

“ಕೈಯಿದ್ದಲ್ಲ ತಪ್ಪು. ಮದುವಿ ಹಿಂದಿನ ದಿನ ನಾ ಇಲ್ಲೇ ಕುಂತು ಕೇಳೀನಿ. ಕೈ ಸರಿ ಅದ, ತಾಳ ಸರಿ ಅದ. ಆ ದಪ್ಪ ತಂತಿ ಒಂದ ಏಟಿಗೆ ಎರಡು ಮಾತಾಡಾಕತ್ತದ. ಹಲಗಿ ಚರ್ಮಕ್ಕ ಬೆರಳು ತಾಗಿದ್ರ ಹಿಂಗ ಆಗತದ. ಯಾರೋ ಆ ತಂತಿ ಹಿಡದು ಜಗ್ಗಾಕತ್ಯಾರ ಸುಬ್ಬೀ.”

“ಅವತ್ತ ಯಾಕ ಹೇಳಲಿಲ್ಲ ಮುತ್ಯಾ?”

“ನನ್ನ ಮಾತು ಅವ ಕೇಳಂಗಿಲ್ಲ.”

ನಾನು ಒಳಗೆ ಹೋಗಿ ಗಿಟಾರನ್ನು ಮೊಳೆಯಿಂದ ಇಳಿಸಿ ಕೌದಿಯ ಮೇಲೆ ಮಲಗಿಸಿದೆ. ಯಾರು ಜಗ್ಗುತ್ತಿದ್ದಾರೆಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಅಪ್ಪ ಮಾಡುವಂತೆ ದಪ್ಪ ತಂತಿಯನ್ನು ಗಿಟಾರಿನ ಕತ್ತಿನ ಅಡ್ಡ ಲೋಹದ ಪಟ್ಟಿಗಳಲ್ಲಿ ಕೊನೆಯದರ ಮೇಲೆ ಒತ್ತಿದೆ. ತಂತಿ ಬಗ್ಗಿ, ಕತ್ತಿನ ಕಡೆಯ ಪಿಕಪ್ಪಿನ ಕಬ್ಬಿಣದ ಬೊಟ್ಟಿಗೆ ತಾಗುವಷ್ಟು ಹತ್ತಿರ ಬಂತು. ನಡುವೆ ಒಂದು ಕಾಗದ ಹೋಗುವಷ್ಟೂ ಜಾಗವಿಲ್ಲ. ಪಿನ್ನನ್ನು ಎಳೆದುಕೊಂಡ ಅಯಸ್ಕಾಂತ ತಂತಿಯನ್ನು ಬಿಡುತ್ತದೆಯೇ? ಪಿಕಪ್ಪಿನ ಎರಡೂ ತುದಿಗೆ ಒಂದೊಂದು ಸ್ಕ್ರೂ. ಗಿಟಾರಿನ ಉಳಿದ ಎಲ್ಲ ಸ್ಕ್ರೂಗಳ ತಲೆ ಕಿಲುಬು ಹಿಡಿದು ಕಪ್ಪಾಗಿತ್ತು, ಇವೆರಡರ ಗೀರು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಯಾರೋ ಈಚೆಗೆ ತಿರುವಿದ್ದರು.

ಅಪ್ಪನ ಚೀಲದಲ್ಲಿದ್ದ ಸ್ಕ್ರೂಡ್ರೈವರ್ ತಂದು ಎಡಕ್ಕೆ ತಿರುವಿದೆ. ಪಿಕಪ್ ಕೂದಲೆಳೆಯಷ್ಟು ಇಳಿಯಿತು. ಕೈ ನಿಲ್ಲಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು. ಎಷ್ಟು ಸುತ್ತಬೇಕೆಂದು ನನಗೇನು ಗೊತ್ತು? ಸ್ಕ್ರೂ ಪೂರ್ತಿ ಬಿಚ್ಚಿ ಕೈಗೆ ಬಂತು. ಒಳಗೆ ಪಿಕಪ್ ಪಟ್ಟನೆ ಬಿದ್ದ ಸಪ್ಪಳ. ಗಾಬರಿಯಲ್ಲಿ ತಂತಿಗಳನ್ನು ಸಡಿಲಿಸಿ, ಮುಂಭಾಗದ ತಗಡಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ ಎತ್ತಿದೆ. ತಗಡಿಗೂ ಪಿಕಪ್ಪಿಗೂ ನಡುವೆ ಇದ್ದ ಸಣ್ಣ ಸ್ಪ್ರಿಂಗು ಚಿಮ್ಮಿ ಎಲ್ಲೋ ಹೋಯಿತು. ಒಲೆಯ ಬೂದಿಯಲ್ಲಿ, ಕಾಳಿನ ಡಬ್ಬಿಗಳ ಸಂದಿಯಲ್ಲಿ, ಬಚ್ಚಲ ತೂತಿನ ತನಕ ಹುಡುಕಿದೆ. ಸಿಗಲಿಲ್ಲ. ಅವ್ವ ಬಂದಾಗ ನಾನು ಬಿಚ್ಚಿದ ಗಿಟಾರಿನ ಮುಂದೆ ಅಳುತ್ತ ಕೂತಿದ್ದೆ.

ಬೀಳುವ ಏಟಿಗೆ ಬೆನ್ನು ಗಟ್ಟಿ ಮಾಡಿಕೊಂಡೆ. ಅವ್ವ ಗಿಟಾರು ನೋಡಿದಳು, ನನ್ನನ್ನು ನೋಡಿದಳು.

“ಏನ್ ಮಾಡಾಕತ್ತೀದಿ ಬೇ?”

ತಂತಿಯನ್ನು ಅಯಸ್ಕಾಂತ ಜಗ್ಗುವುದನ್ನು ಹೇಳಿದೆ. ಮುತ್ಯಾ ಹೇಳಿದ್ದನ್ನು ಹೇಳಿದೆ. ಅವ್ವ ಪೂರ್ತಿ ಕೇಳಿ, ಸೆರಗಿನಿಂದ ನನ್ನ ಮೂಗು ಒರೆಸಿ, ಎಬ್ಬಿಸಿ ನಿಲ್ಲಿಸಿದಳು.

“ಖಲೀಲಣ್ಣನ ಅಂಗಡಿಗೆ ಓಡು. ನಿಮ್ಮಪ್ಪ ಬರೋದ್ರಾಗ ಬಾ.”

ಖಲೀಲ್ ಚಾಚಾ ನನ್ನ ಮಾತು ಕೇಳಿ ಮೊದಲು ನಕ್ಕರು, ಆಮೇಲೆ ಹಣೆ ಬಡಿದುಕೊಂಡರು. “ಅರೆ! ಮಾನ್ವಿಯಿಂದ ಬಂದಾಗಿಂದ ಡಬ್ಬಿ ಬಿಚ್ಚಿ ಬಿಚ್ಚಿ ನೋಡೀನಿ ನಾನು. ಇದು ಹೊಳಿಲೇ ಇಲ್ಲ.” ಅಂಥ ಸ್ಪ್ರಿಂಗು ಅವರಲ್ಲಿರಲಿಲ್ಲ. ಪಕ್ಕದ ಸೈಕಲ್ ಅಂಗಡಿಗೆ ಹೋಗಿ ಗೇಣುದ್ದ ವಾಲ್‌ಟ್ಯೂಬ್ ತಂದು ಬೆರಳಿನಲ್ಲಿ ಒತ್ತಿ ತೋರಿಸಿದರು. “ಸ್ಪ್ರಿಂಗಿನ ಜಾಗದಾಗ ಈ ರಬ್ಬರಿನ ತುಂಡು ಹಾಕು. ಅದಕ್ಕೂ ಇದು ಚಲೋ. ಅಲುಗಂಗಿಲ್ಲ.”

ನಾನು ಓಡಿ ಬರುವಾಗ ಮಿಲ್ಲಿನ ಭೋಂಗಾ ಕೂಗಿತು. ಇನ್ನೂ ರಬ್ಬರು ಕತ್ತರಿಸುತ್ತಿರುವಾಗಲೇ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಗಿಟಾರು ಹೊಟ್ಟೆ ಸೀಳಿಕೊಂಡು ಕೌದಿಯ ಮೇಲೆ ಬಿದ್ದಿತ್ತು.

“ನಾ ಬಿಚ್ಚೀನ್ರಿ,” ಎಂದಳು ಅವ್ವ, ನನಗಿಂತ ಮೊದಲು.

“ಇಲ್ಲ, ನಾ ಬಿಚ್ಚೀನಿ,” ಎಂದೆ. ಅವ್ವ ಅಡ್ಡ ನಿಂತದ್ದೇ ನನಗೆ ಎಲ್ಲಿಲ್ಲದ ಧೈರ್ಯ ತಂದಿತ್ತು. “ಯಪ್ಪಾ, ಈ ಎರಡ ಸ್ಕ್ರೂ ಹೊಳಿಯಾಕತ್ತಾವ. ಯಾರು ತಿರುವ್ಯಾರ?”

ಅಪ್ಪ ಹೊಸ್ತಿಲ ಮೇಲೇ ಕುಸಿದು ಕೂತ. ಹೊರಗೆ ಕಟ್ಟೆಯ ಮೇಲಿದ್ದ ಮುತ್ಯಾನ ಬೆನ್ನಿಗೂ ಅವನ ಬೆನ್ನಿಗೂ ಒಂದು ಮೊಳ ದೂರವಿತ್ತು.

“ನಾನ,” ಎಂದ. “ಮಾನ್ವಿ ಮದುವಿ ಹಿಂದಿನ ದಿನ. ಎಷ್ಟ್ ಏರತದೋ ಅಷ್ಟೂ ಏರ್ಸಿದೆ. ಹತ್ರ ಇದ್ದಷ್ಟೂ ದನಿ ದೊಡ್ಡದು ಬರತದ. ನಾ ಯಾರಿಗೂ ಕೇಳವಲ್ದಾಗಿದ್ದೆ ಸುಬ್ಬೀ. ನಿಮ್ಮವ್ವನ ಮಂದಿಗಾದ್ರೂ ಕೇಳ್ಸಲಿ ಅಂತ ಮಾಡಿದೆ.”

ದೊಡ್ಡವರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಎಲ್ಲೂ ಕಂಡಿರಲಿಲ್ಲ. ಮುಂದೆ ಮೂವತ್ತು ವರ್ಷ ಪಾಠ ಮಾಡುವಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು, ತಪ್ಪಿದ್ದನ್ನು ಕರಿಹಲಗೆಯ ಮೇಲೆ ಎಲ್ಲರೆದುರು ಒರೆಸಲು ನನಗೆ ಎಂದೂ ನಾಚಿಕೆಯಾಗಲಿಲ್ಲ. ಅದು ಆ ಹೊಸ್ತಿಲಿನಿಂದ ಬಂದದ್ದು. ಆದರೆ ಆ ಹೊತ್ತಿನಲ್ಲಿ ನನಗೆ ಇಷ್ಟೇ ಅನ್ನಿಸಿತು: ಏಟು ಬೀಳುವುದಿಲ್ಲ, ಕೆಲಸ ಮುಂದುವರಿಸಬಹುದು.

ಅಪ್ಪ ಕೈ ತೊಳೆದು ಬಂದು ಪಕ್ಕದಲ್ಲಿ ಕೂತ. ರಬ್ಬರು ಹಾಕಿ, ಪಿಕಪ್ ಕೂಡಿಸಿ, ತಗಡು ಮುಚ್ಚಿ, ತಂತಿ ಬಿಗಿದೆವು. ಅವ್ವ ತಾನಾಗಿ ಬಲ್ಬು ಬಿಚ್ಚಿ, ಪಕ್ಕದ ಮನೆಯ ಕಂದೀಲು ತಂದು ಹಚ್ಚಿದಳು. ಮೊದಲು ಬಹಳ ಇಳಿಸಿಬಿಟ್ಟಿದ್ದೆವು. ಅಪ್ಪ ಮೀಟಿದರೆ ದನಿ ಜ್ವರ ಬಂದವರಂತೆ ಸಣ್ಣಗೆ ಬಂತು. ತುಸು ಏರಿಸಿದೆವು. ದಪ್ಪ ತಂತಿಯ ಕಡೆ ಮತ್ತೆ ತೂಗಾಟ ಶುರುವಾಯಿತು, ಸಣ್ಣ ತಂತಿಯ ಕಡೆ ಇನ್ನೂ ದನಿ ಸಾಲದು. ಆಗ ಗೊತ್ತಾಯಿತು, ಎರಡೂ ತುದಿಗೆ ಒಂದೇ ಎತ್ತರ ಆಗುವುದಿಲ್ಲ. ದಪ್ಪ ತಂತಿಯನ್ನು ಅಯಸ್ಕಾಂತ ಜೋರಾಗಿ ಎಳೆಯುತ್ತದೆ, ಆ ಕಡೆ ತಗ್ಗಿಸಬೇಕು. ಸಣ್ಣ ತಂತಿಯ ಕಡೆ ತುಸು ಏರಿಸಿಡಬೇಕು. ಅಂತರ ಅಳೆಯಲು ನಾನು ಆಡುವ ಬಳೆಚೂರುಗಳ ಡಬ್ಬಿ ತಂದೆ. ತಂತಿಯನ್ನು ಕೊನೆಯ ಪಟ್ಟಿಯಲ್ಲಿ ಒತ್ತಿ ಹಿಡಿದು, ದಪ್ಪ ತಂತಿಯ ಕೆಳಗೆ ಬಳೆಚೂರು ಸರಿಯಾಗಿ ಹೋಗುವಂತೆ, ಸಣ್ಣ ತಂತಿಯ ಕೆಳಗೆ ಬೆಂಕಿಕಡ್ಡಿ ಹೋಗುವಂತೆ ಸ್ಕ್ರೂ ತಿರುವಿದೆ. ಈಗ ನನ್ನ ಹತ್ತಿರ ಮಿಲಿಮೀಟರಿನ ಪಟ್ಟಿಯಿದೆ. ಅಳೆದು ನೋಡಿದ್ದೇನೆ, ಹೆಚ್ಚುಕಡಿಮೆ ಅದೇ ಲೆಕ್ಕ.

ಅಪ್ಪ ಮೀಟಿದ. ನನಗೆ ಸರಿ ಅನ್ನಿಸಿತು. ಅವನಿಗೂ ಅನ್ನಿಸಿತೇನೋ, ಆದರೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಮೀಟಿದ. ಆಮೇಲೆ ಬಾಗಿಲ ಕಡೆ ತಿರುಗದೆಯೇ ಕೇಳಿದ.

“ಯಪ್ಪಾ, ಈಗ?”

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಹೊರಗಿನಿಂದ ಉತ್ತರ ಬಂತು. ಮುತ್ಯಾನ ದನಿ ಯಾವಾಗಲೂ ಇದ್ದಂತೆ ಇರಲಿಲ್ಲ.

“ದಪ್ಪಂದು ಇನ್ನ ಒಂದೀಟು ಅಲುಗಾಕತ್ತದ.”

ಅರ್ಧ ಸುತ್ತು ಇಳಿಸಿದೆ. ಅಪ್ಪ ಮೀಟಿದ.

“ಹಾಂ. ಈಗ ಬಿಟ್ರು ನೋಡು ಅದನ್ನ.”

“ಒಳಗ ಬಾ,” ಎಂದ ಅಪ್ಪ. “ಹೊರಗ ಕುಂತು ಎಷ್ಟು ಕೇಳ್ತಿ?”

ಮುತ್ಯಾ ಗೋಡೆ ಹಿಡಿದುಕೊಂಡು ಒಳಗೆ ಬಂದ. ಅಪ್ಪ ನುಡಿಸಿದ, ಮುತ್ಯಾ ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಎರಡು ಬೆರಳಿಂದ ತಾಳ ಹಾಕಿದ. ಅವ್ವನ ಮೂರು ರೊಟ್ಟಿ ಸುಟ್ಟು ಕರಕಲಾದವು, ಅವನ್ನೇ ಉಂಡೆವು.

ಗುಂಡೇರಾವ್ ಮಾಸ್ತರು ಅಪ್ಪನನ್ನು ಮತ್ತೆ ಕರೆಯುವ ಮನಸ್ಸಿನಲ್ಲಿರಲಿಲ್ಲ. ದೇವದುರ್ಗದಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮಗನ ಮದುವೆ ಗೊತ್ತಾಗಿತ್ತು. ಪಾರ್ಟಿಯ ಆಂಪ್ಲಿಫೈಯರುಗಳೆಲ್ಲ ಖಲೀಲ್ ಚಾಚಾರವು. “ಯಲ್ಲಪ್ಪ ಬರಲಿಲ್ಲಂದ್ರ ನನ್ನ ಡಬ್ಬಿನೂ ಬರಂಗಿಲ್ಲ,” ಎಂದುಬಿಟ್ಟರು ಚಾಚಾ. ಮಾಸ್ತರು ಒಪ್ಪಿದರು, ಒಂದು ಹಾಡು ಕೆಟ್ಟರೂ ಅಲ್ಲೇ ಕೆಳಗಿಳಿಯಬೇಕು ಎಂಬ ಷರತ್ತಿನ ಮೇಲೆ. ಅಪ್ಪ ನನ್ನನ್ನು ಜೊತೆಗೆ ಕರೆದುಕೊಂಡ. ಟೆಂಪೋದ ಕುಲುಕಾಟಕ್ಕೆ ಸ್ಕ್ರೂ ಸಡಿಲಾದರೆ ನೋಡಬೇಕಿತ್ತು. ಮುತ್ಯಾನನ್ನೂ ಕರೆದ. ಮುತ್ಯಾ ಹೊಸ ರುಮಾಲು ಸುತ್ತಿಕೊಂಡು ನಮಗಿಂತ ಮೊದಲು ಹತ್ತಿ ಕೂತ.

ಪೆಂಡಾಲಿನಲ್ಲಿ ಮಂದಿ ಕಿಕ್ಕಿರಿದಿದ್ದರು. ನಾನು ಬಳೆಚೂರು ತೂರಿಸಿ ನೋಡಿದೆ, ಸರಿಯಿತ್ತು. ಅಪ್ಪ ಆ ಗದ್ದಲವನ್ನೊಮ್ಮೆ ನೋಡಿದ, ತನ್ನ ಮುಂದಿದ್ದ ಡ್ರಮ್ಮು ಕಾಂಗೋಗಳನ್ನು ನೋಡಿದ. ಅವನ ಕೈ ಜೇಬಿನ ಸ್ಕ್ರೂಡ್ರೈವರಿಗೆ ಹೋಯಿತು. ನಾನು ಅವನನ್ನೇ ನೋಡುತ್ತ ನಿಂತೆ. ಅಪ್ಪ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟ.

“ಇದು ನಿನ್ನ ಹತ್ರ ಇರಲಿ.”

ಗದ್ದಲದ ಹಾಡುಗಳಲ್ಲಿ ಅವನು ಅಷ್ಟಾಗಿ ಕೇಳಲಿಲ್ಲ, ಕೇಳಿತು ಎಂದು ಇವತ್ತೂ ಸುಳ್ಳು ಹೇಳಲಾರೆ. ನಾಲ್ಕನೆಯದು ಒಂದು ನಿಧಾನದ ಹಾಡು. ಡ್ರಮ್ಮು ನಿಂತಿತು. ಹಾಡುವ ಹುಡುಗಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅಪ್ಪನ ಗಿಟಾರು ಬಂತು. ಒಂದೊಂದು ಸ್ವರವೂ ಸ್ಪಷ್ಟವಾಗಿ, ಅಲುಗದೆ, ಕೊನೆಯ ತನಕ ನಿಂತು. ಬಗ್ಗಿ ಎಲೆ ಹಾಸುತ್ತಿದ್ದವರು ಕೂಡ ಎದ್ದು ನೋಡಿದರು. ಮಾಸ್ತರು ಹಿಂದೆ ತಿರುಗಿದರು. ನಾನು ಆಂಪ್ಲಿಫೈಯರಿನ ಗುಂಡಿಯ ಮುಂದೆ ಹೋಗಿ ನಿಂತುಕೊಂಡೆ. ಅವರು ಗುಂಡಿಯ ಕಡೆ ಬರಲಿಲ್ಲ. ಅಕಾರ್ಡಿಯನ್ ತಗ್ಗಿಸಿ, ಇನ್ನೊಂದು ಸುತ್ತು ನುಡಿಸು ಎಂದು ಅಪ್ಪನಿಗೆ ಗದ್ದದಲ್ಲೇ ಸನ್ನೆ ಮಾಡಿದರು.

ಊಟಕ್ಕೆ ಎಲೆ ಹಾಕಿದರು. ಪಾರ್ಟಿಯವರಿಗೆ ಪೆಂಡಾಲಿನೊಳಗೆ ಒಂದು ಸಾಲು. ಕೂರುವ ಹೊತ್ತಿಗೆ ಮುತ್ಯಾ ಕಾಣಲಿಲ್ಲ. ಅಪ್ಪ ಹುಡುಕುತ್ತ ಹೊರಗೆ ಹೋದ, ನಾನು ಅವನ ಹಿಂದೆ. ಪೆಂಡಾಲಿನ ಆಚೆ ಬೇವಿನ ಮರದ ಕೆಳಗೆ, ಮೆರವಣಿಗೆಗೆ ಬಂದಿದ್ದ ನಾಲ್ವರು ಹಲಗೆಯವರ ಜೊತೆ ಮುತ್ಯಾ ಕೂತಿದ್ದ. ಎಲ್ಲರದೂ ಮುಗಿದ ಮೇಲೆ, ಕೊನೆಯ ಪಂಕ್ತಿಯಲ್ಲಿ ಅವರಿಗೆ ಊಟ. ಮುತ್ಯಾ ಜೀವಮಾನವಿಡೀ ಮದುವೆಗಳಲ್ಲಿ ಉಂಡದ್ದು ಹಾಗೇ.

“ಯಪ್ಪಾ, ಏಳು. ಒಳಗ ಎಲಿ ಹಾಕ್ಯಾರ.”

“ಇವ್ರನ್ನ ಬಿಟ್ಟು ನಾ ಒಬ್ನ ಹ್ಯಾಂಗ ಬರ್ಲೋ?”

ಅಪ್ಪ ಅವರನ್ನು ನೋಡಿದ. “ನೀವೂ ಏಳ್ರಿ,” ಎಂದ. ಅವರು ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಪಾರ್ಟಿಯ ಬಿಳಿ ಪ್ಯಾಂಟಿನಲ್ಲೇ ಆ ಮಣ್ಣಿನ ಮೇಲೆ, ತನ್ನ ಅಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಬಡಿಸುವವನನ್ನು ಕೂಗಿದ. “ಇಲ್ಲೂ ಎಲಿ ಹಾಕ್ರೀ. ಆರ್ಕೆಸ್ಟ್ರಾದ ಪಂಕ್ತಿ ಇಲ್ಲದ.” ಬಡಿಸುವವನು ಮಾಸ್ತರ ಕಡೆ ನೋಡಿದ. ಮಾಸ್ತರು ತಲೆ ತಗ್ಗಿಸಿ ತಮ್ಮ ಎಲೆ ಒರೆಸುತ್ತಿದ್ದರು, ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸಾಲಿನಿಂದ ಎದ್ದವರು ತಮ್ಮ ಡಬ್ಬಿಗಳ ಜೊತೆ ಬಂದಿದ್ದ ಖಲೀಲ್ ಚಾಚಾ ಒಬ್ಬರೇ. ಬರುವಾಗ ದಾರಿಯಲ್ಲಿ ಎಲೆಯ ಕಟ್ಟನ್ನೇ ಎತ್ತಿಕೊಂಡು ಬಂದು ನಮ್ಮೆಲ್ಲರ ಮುಂದೆ ತಾವೇ ಹಾಸಿದರು. ಅಷ್ಟಾದ ಮೇಲೆ ಬಡಿಸುವವನು ಬರದೆ ಗತಿಯಿರಲಿಲ್ಲ.

ಹಲಗೆಯವರಲ್ಲಿ ಹಿರಿಯವನೊಬ್ಬ ಅಷ್ಟು ಹೊತ್ತೂ ಅಪ್ಪನ ಕೈ ನೋಡುತ್ತಿದ್ದ.

“ದನಿ ಬಿಗಿ ಮಾಡಾಕ ನಾವು ಹಲಗಿ ಬೆಂಕಿಗೆ ಕಾಸತೀವ್ರಿ. ನೀವು ಅದಕ್ಕೇನು ಮಾಡ್ತೀರಿ?”

“ನನಗ ಕೇಳಬ್ಯಾಡ್ರಿ,” ಎಂದ ಅಪ್ಪ. “ಕೇಳಾವ ನಮ್ಮಪ್ಪ. ತಿರುವಾಕಿ ನನ್ನ ಮಗಳು. ಹೇಳಬೇ ಸುಬ್ಬೀ.”

ನಾನು ಎಲೆಯ ಮೇಲಿನ ಎರಡು ಹಪ್ಪಳವನ್ನು ಒಂದರ ಮೇಲೊಂದು ಹಿಡಿದು, ಇದು ತಂತಿ, ಇದು ಪಿಕಪ್ ಎಂದು ಶುರು ಮಾಡಿದೆ. ನನ್ನ ಜೀವನದ ಮೊದಲ ಪಾಠ ಅದು. ನಾಲ್ವರೂ ತುತ್ತು ನಿಲ್ಲಿಸಿ ಕೇಳಿದರು. ಹೋಳಿಗೆಯ ಬುಟ್ಟಿ ನಮ್ಮನ್ನು ದಾಟಿ ಮುಂದೆ ಹೋಗುತ್ತಿತ್ತು. ಮುತ್ಯಾ ಕೈಯೆತ್ತಿ, ಇಡೀ ಪೆಂಡಾಲಿಗೆ ಕೇಳುವ ಹಾಗೆ ಕೂಗಿದ.

“ಏ ಹೋಳಗಿ! ಇಲ್ಲಿ ಬಾರೋ ತಮ್ಮಾ. ತುಪ್ಪ ಕೈ ಬಿಟ್ಟು ಹಾಕು. ಇವತ್ತ ನಾವು ಮೊದಲಿನ ಪಂಕ್ತಿ.”